ಬೆಂಗಳೂರು–ಹುಬ್ಬಳ್ಳಿ ಗಾಡಿ, ಜನವರಿಯ ಮನಾಲಿ–ಸ್ಪಿತಿ: ಹೊರಡೋ ಮುಂಚೆ ಕಾರಿಗೆ ಏನೇನು ಮಾಡಬೇಕು?

ಹುಬ್ಳಿ_ಹೈವೇ

ಜನವರಿ ಎರಡನೇ ವಾರ ಎರಡು ಗಾಡಿ ಉತ್ತರಕ್ಕ ಹೊರಟಾವ. ಒಂದು 2021ರ 1.5 ಲೀಟರ್ ಬಿಎಸ್6 ಡೀಸೆಲ್ ಎಸ್‌ಯುವಿ, ಮುಂದಿನ ಚಕ್ರದ ಡ್ರೈವ್. ಇನ್ನೊಂದು 1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೊದಲು ಮನಾಲಿ, ಅಟಲ್ ಸುರಂಗ ದಾಟಿ ಸಿಸ್ಸು. ವಾಪಸ್ ಇಳಿದು ಶಿಮ್ಲಾ, ಕಿನ್ನೌರ್ ಮ್ಯಾಲಿಂದ ಸ್ಪಿತಿಯ ಕಾಜಾ. ಸರ್ವಿಸ್ ಆಗೇತಿ, ಆಯಿಲ್ ಫಿಲ್ಟರ್ ಎಲ್ಲಾ ಹೊಸಾವು. ಆದ್ರ ಅದು ಇಲ್ಲಿನ ಹವಾಕ್ಕ ಮಾಡಿದ ಸರ್ವಿಸ್. ಮೈನಸ್ 15, ಮೈನಸ್ 20ಕ್ಕ ಬೇರೆ ಏನು ಮಾಡಬೇಕು? ಡೀಸೆಲ್ ಗಟ್ಟಿ ಆಗೋದು, ಹಿಮದಾಗ ಟೈರಿಗೆ ಸುತ್ತೋ ಚೈನ್, ಬ್ಯಾಟರಿ, ಇವುಗಳ ಬಗ್ಗೆ ಅಳತೆ ಸಮೇತ ಹೇಳ್ರಿ.

ಕರಾವಳಿ_ಗ್ಯಾರೇಜ್

ಒಂದೇ ಪ್ರಶ್ನೆ ಇಟ್ಟುಕೊಂಡು ಬಾನೆಟ್ ತೆಗೆಯಿರಿ: ಈ ಗಾಡಿಯೊಳಗೆ ಎಲ್ಲೆಲ್ಲಿ ನೀರಿದೆ? ರೇಡಿಯೇಟರ್, ವೈಪರ್ ಬಾಟಲಿ, ಡೀಸೆಲ್ ಫಿಲ್ಟರಿನ ತಳ, ಬ್ಯಾಟರಿ, ಬಾಗಿಲಿನ ರಬ್ಬರ್ ಸಂದು, ಹ್ಯಾಂಡ್‌ಬ್ರೇಕ್ ಕೇಬಲ್. ನಮ್ಮ ಕಡೆ ಇವು ಯಾವುವೂ ತೊಂದರೆ ಕೊಡುವುದಿಲ್ಲ. ಮೈನಸ್ 15ರಲ್ಲಿ ಎಲ್ಲವೂ ಒಂದೇ ರಾತ್ರಿಯಲ್ಲಿ ಕೈ ಕೊಡಬಹುದು.

ದೊಡ್ಡ ಖರ್ಚಿನ ಅಪಾಯ ಕೂಲೆಂಟ್‌ನದು, ಅದರಿಂದಲೇ ಶುರು ಮಾಡೋಣ. ಕರ್ನಾಟಕದ ಗಾಡಿಗಳಲ್ಲಿ ಮಟ್ಟ ಕಡಿಮೆಯಾದಾಗಲೆಲ್ಲ ಪೆಟ್ರೋಲ್ ಬಂಕ್‌ನಲ್ಲೋ ಮನೆಯಲ್ಲೋ ಬರೀ ನೀರು ಸುರಿಯುವ ಅಭ್ಯಾಸ. ಎರಡು ಮೂರು ವರ್ಷ ಹೀಗೆ ಆದರೆ ಬಣ್ಣ ಹಸಿರಾಗಿಯೇ ಕಾಣುತ್ತದೆ, ಒಳಗೆ ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ಶೇ 20–30 ಉಳಿದಿರುತ್ತದೆ. ಬಣ್ಣ ನೋಡಿ ಏನನ್ನೂ ಹೇಳಲಾಗದು. ಎಥಿಲೀನ್ ಗ್ಲೈಕಾಲ್ ಶೇ 30 ಇದ್ದರೆ ಮೈನಸ್ 15ರ ಆಸುಪಾಸಿನಲ್ಲೇ ಹೆಪ್ಪುಗಟ್ಟಲು ತೊಡಗುತ್ತದೆ. ಶೇ 50 ಇದ್ದರೆ ಮೈನಸ್ 37ರವರೆಗೆ ಹೆದರಿಕೆಯಿಲ್ಲ. ಹಾಗಂತ ನೀರೇ ಇಲ್ಲದೆ ಶೇ 100 ಹಾಕಬೇಡಿ. ಶುದ್ಧ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ, ಶಾಖವನ್ನೂ ಸರಿಯಾಗಿ ಒಯ್ಯುವುದಿಲ್ಲ. ಶೇ 50ರಿಂದ 60ರ ನಡುವೆ ಇರಲಿ.

ಹೆಪ್ಪುಗಟ್ಟಿದರೆ ಏನಾಗುತ್ತದೆ? ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ರೇಡಿಯೇಟರ್ ನಳಿಕೆ ಬಿರಿಯುತ್ತದೆ, ಬ್ಲಾಕ್‌ನ ಲೋಹದ ಬಿರಡೆ (ಕೋರ್ ಪ್ಲಗ್) ಹೊರಗೆ ಬರುತ್ತದೆ, ಗ್ರಹಚಾರ ಕೆಟ್ಟಿದ್ದರೆ ಬ್ಲಾಕೇ ಸೀಳುತ್ತದೆ. ಅರ್ಧ ಹೆಪ್ಪುಗಟ್ಟಿ ಕೆಸರಿನಂತಾದರೂ ಸಾಕು, ವಾಟರ್ ಪಂಪ್ ಅದನ್ನು ತಳ್ಳಲಾರದು, ಬೆಲ್ಟ್ ಜಾರುತ್ತದೆ, ಹೊರಗೆ ಮೈನಸ್ 15 ಇರುವಾಗ ಎಂಜಿನ್ ಕಾದು ಕೆಂಪಾಗುತ್ತದೆ.

ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು. ತಣ್ಣಗಿರುವ ಎಂಜಿನ್‌ನಿಂದ ಎರಡು ಹನಿ ತೆಗೆದು ಗಾಜಿನ ಮೇಲೆ ಹಾಕಿ, ಎಥಿಲೀನ್ ಗ್ಲೈಕಾಲ್ ಕಾಲಂ ಓದಿ. ಹನಿಯನ್ನು ಓವರ್‌ಫ್ಲೋ ಬಾಟಲಿಯಿಂದ ತೆಗೆಯಬೇಡಿ. ಅಲ್ಲಿ ಇತ್ತೀಚೆಗೆ ಸುರಿದದ್ದು ಇರುತ್ತದೆ, ರೇಡಿಯೇಟರಿನೊಳಗಿನದು ಬೇರೆಯೇ ಇರಬಹುದು. ರೇಡಿಯೇಟರ್ ಮುಚ್ಚಳವಿಲ್ಲದ ಗಾಡಿಯಾದರೆ ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ಪೂರ್ತಿ ಆರಿದ ಮೇಲೆ ಬಾಟಲಿಯಿಂದಲೇ ತೆಗೆಯಿರಿ.

ಹುಬ್ಳಿ_ಹೈವೇ

ಡೀಸೆಲ್ ಗಾಡಿದು ನೋಡ್ಸಿದೆ, ಶೇ 30ರ ಗೆರಿ ತೋರಸ್ತದ. ಒಟ್ಟು ಕೂಲೆಂಟ್ 7 ಲೀಟರ್ ಅಂತ ಮ್ಯಾನುಯಲ್‌ನಾಗ ಐತಿ. ಪೂರಾ ತಗದು ಹಾಕಬೇಕೋ, ಸ್ವಲ್ಪ ತಗದ್ರ ನಡೀತದೋ?

ಕರಾವಳಿ_ಗ್ಯಾರೇಜ್

ಕೂಲೆಂಟ್ ಹೊಸತು, ಸ್ವಚ್ಛವಾಗಿದ್ದರೆ ಸ್ವಲ್ಪ ತೆಗೆದರೆ ನಡೆಯುತ್ತದೆ. ಲೆಕ್ಕ ಹೀಗೆ: 7 ಲೀಟರಿನಲ್ಲಿ ಶೇ 30 ಅಂದರೆ 2.1 ಲೀಟರ್ ಗ್ಲೈಕಾಲ್. ಬೇಕಾದದ್ದು ಶೇ 50, ಅಂದರೆ 3.5 ಲೀಟರ್. 2 ಲೀಟರ್ ಹೊರಗೆ ತೆಗೆದರೆ ಅದರ ಜೊತೆ 0.6 ಲೀಟರ್ ಗ್ಲೈಕಾಲ್ ಹೋಗುತ್ತದೆ, 1.5 ಉಳಿಯುತ್ತದೆ. ಈಗ 2 ಲೀಟರ್ ಕಾನ್ಸಂಟ್ರೇಟ್ ಸುರಿದರೆ ಸರಿಯಾಗಿ 3.5. ಕಾನ್ಸಂಟ್ರೇಟ್ ಅಂದದ್ದನ್ನು ಗಮನಿಸಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕ್ಯಾನ್‌ಗಳು ಮೊದಲೇ ನೀರು ಬೆರೆಸಿದವು, ಅವನ್ನು ಈ ಲೆಕ್ಕಕ್ಕೆ ಹಾಕಿದರೆ ಶೇ 50 ಎಂದೂ ಬರುವುದಿಲ್ಲ. ಕ್ಯಾನಿನ ಹಿಂಬದಿಯಲ್ಲಿ ಹೆಪ್ಪುಗಟ್ಟುವ ಬಿಂದು ಬರೆದಿರುತ್ತದೆ, ಅದನ್ನು ಓದದೆ ದುಡ್ಡು ಕೊಡಬೇಡಿ. ಗಾಡಿ ಕಂಪನಿ ಹೇಳಿದ ರಾಸಾಯನಿಕ ವರ್ಗವೇ ಇರಲಿ. ಒಂದು ಬ್ರ್ಯಾಂಡಿನ ಕೆಂಪು ಇನ್ನೊಂದರ ಕೆಂಪಿಗೆ ಸಮ ಅಲ್ಲ.

ಕೂಲೆಂಟ್ ಎರಡು ಮೂರು ವರ್ಷ ಹಳೆಯದಾಗಿ ತುಕ್ಕಿನ ಬಣ್ಣ ಬಂದಿದ್ದರೆ ಪೂರಾ ಬದಲಿಸಿ. ಕೆಳಗಿನ ಹೋಸ್ ಬಿಚ್ಚಿದರೆ ರೇಡಿಯೇಟರಿನದು ಮಾತ್ರ ಬರುತ್ತದೆ, ಬ್ಲಾಕ್ ಮತ್ತು ಹೀಟರ್ ಕೋರ್‌ನಲ್ಲಿ ಅರ್ಧದಷ್ಟು ಉಳಿದಿರುತ್ತದೆ. ಡಿಸ್ಟಿಲ್ಡ್ ನೀರು ತುಂಬಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆಯುವವರೆಗೆ ಓಡಿಸಿ, ಆರಿದ ಮೇಲೆ ಮತ್ತೆ ತೆಗೆಯಿರಿ. ಬರುವ ನೀರು ತಿಳಿಯಾಗುವ ತನಕ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಹೀಟರ್ ಕೋರ್‌ನ ಸಣ್ಣ ನಳಿಕೆಗಳಲ್ಲೇ ಮೊದಲು ಕೂರುತ್ತದೆ. ಕೊನೆಗೆ ಗಾಳಿ ತೆಗೆಯುವುದನ್ನು ಮರೆಯಬೇಡಿ. ಗಾಳಿ ಸಿಕ್ಕಿಕೊಂಡಿದ್ದರೆ ಎಂಜಿನ್ ಬಿಸಿಯಾಗಿದ್ದರೂ ಹೀಟರ್ ತಣ್ಣಗೆ ಊದುತ್ತದೆ.

ಇನ್ನೊಂದು. ಬಿಸಿಲೂರಿನ ಕೆಲವು ಗ್ಯಾರೇಜುಗಳಲ್ಲಿ ಹಳೆಯ ಗಾಡಿ ಕಾಯುತ್ತದೆ ಎಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕಿರುತ್ತಾರೆ. ಇಲ್ಲಿ ಅದು ಗೊತ್ತಾಗುವುದಿಲ್ಲ. ಅಲ್ಲಿ ಎಂಜಿನ್ ಎಂದೂ 80 ಡಿಗ್ರಿ ಮುಟ್ಟುವುದಿಲ್ಲ, ಒಳಗೆ ಕೂತವರು ನಡುಗುತ್ತಾರೆ, ಇಂಧನ ಸುಮ್ಮನೆ ಸುಡುತ್ತದೆ, ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ತನ್ನನ್ನು ತಾನು ಶುಚಿ ಮಾಡಿಕೊಳ್ಳುವುದಿಲ್ಲ. ಹೆದ್ದಾರಿಯಲ್ಲಿ ಓಡುವಾಗ ಬಿಸಿ ಮುಳ್ಳು ಕೆಳಗಿಳಿದರೆ ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ ಅಂತಲೇ ಅರ್ಥ.

ಟಾರ್ಕ್_ತುಮಕೂರು

ಬ್ಯಾಟರಿ ವಿಷಯ ನಾನು ಹೇಳ್ತೀನಿ. ಬ್ಯಾಟರಿ ಹಾಳಾಗೋದು ಸೆಖೆಯಲ್ಲಿ, ಸಿಕ್ಕಿಬೀಳೋದು ಚಳಿಯಲ್ಲಿ. ಬೆಂಗಳೂರಲ್ಲಿ ಮೂರು ವರ್ಷ ಓಡಿದ ಬ್ಯಾಟರಿ ಪ್ರತಿದಿನ ಒಂದೇ ಏಟಿಗೆ ಸ್ಟಾರ್ಟ್ ಮಾಡ್ತಾ ಇರುತ್ತೆ, ಅದರ ಅರ್ಧ ಶಕ್ತಿ ಹೋಗಿರೋದು ತಿಳಿಯೋದೇ ಇಲ್ಲ. ಮೈನಸ್ 18ರಲ್ಲಿ ಒಳ್ಳೇ ಬ್ಯಾಟರಿ ಕೂಡ ಅರ್ಧದಷ್ಟೇ ಕೊಡುತ್ತೆ, ಅದೇ ಹೊತ್ತಿಗೆ ಗಟ್ಟಿಯಾದ ಆಯಿಲ್‌ನಿಂದ ಎಂಜಿನ್ ಹೆಚ್ಚು ಕೇಳುತ್ತೆ. ಬ್ಯಾಟರಿ ಮೇಲೆ ಸಿಸಿಎ (ಚಳಿಯಲ್ಲಿ ಸ್ಟಾರ್ಟರ್‌ಗೆ ಕೊಡೋ ಕರೆಂಟ್) ಅಂತ ಬರೆದಿರೋ ಸಂಖ್ಯೆ ಇದೆಯಲ್ಲ, ಅದನ್ನ ಅಳೆಯೋದೇ ಮೈನಸ್ 18ರಲ್ಲಿ.

ಗಾಡಿ ಒಂದು ರಾತ್ರಿ ನಿಂತ ಮೇಲೆ, ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೆ ಮಲ್ಟಿಮೀಟರ್ ಇಡಿ. 12.6 ವೋಲ್ಟ್ ಅಂದ್ರೆ ತುಂಬಿದೆ. 12.4 ಅಂದ್ರೆ ಮುಕ್ಕಾಲು. 12.2 ಅಂದ್ರೆ ಅರ್ಧ, ಅದನ್ನ ಇಟ್ಕೊಂಡು ಹಿಮಾಲಯಕ್ಕೆ ಹೋಗ್ಬೇಡಿ. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಬಿದ್ರೆ ಹೊಸದು ಹಾಕ್ಸಿ. ಮೂರೂವರೆ ವರ್ಷ ದಾಟಿದ್ರೆ ಪರೀಕ್ಷೆ ಪಾಸಾದ್ರೂ ನಾನು ಬದಲಿಸಿ ಅಂತಲೇ ಹೇಳ್ತೀನಿ. ಕಾಜಾದಲ್ಲಿ ನಿಮ್ಮ ಅಳತೆಯ ಬ್ಯಾಟರಿ ಹುಡುಕೋ ಪಾಡು ಯಾರಿಗೂ ಬೇಡ.

ಬ್ಯಾಟರಿ ಕೂಡ ಹೆಪ್ಪುಗಟ್ಟುತ್ತೆ ಅನ್ನೋದು ನಮ್ಮವರಿಗೆ ಗೊತ್ತಿಲ್ಲ. ಪೂರ್ತಿ ಚಾರ್ಜ್ ಇದ್ದಾಗ ಒಳಗಿನ ಆಸಿಡ್ ಮೈನಸ್ 50ಕ್ಕೂ ಜಗ್ಗಲ್ಲ. ಖಾಲಿಯಾದ್ರೆ ಅದು ಹೆಚ್ಚುಕಮ್ಮಿ ನೀರು, ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆ. ರಾತ್ರಿಯಿಡೀ ಡ್ಯಾಶ್‌ಕ್ಯಾಮ್ ಉರಿಯೋಕೆ ಬಿಟ್ಟು ಬೆಳಿಗ್ಗೆ ಡೆಡ್ ಆದ ಬ್ಯಾಟರಿಗೆ ಜಂಪರ್ ಹಾಕೋ ಮುಂಚೆ ಅದರ ಹೊಟ್ಟೆ ಉಬ್ಬಿದೆಯಾ ನೋಡಿ. ಉಬ್ಬಿದ್ರೆ ಕೇಬಲ್ ಮುಟ್ಟಿಸ್ಬೇಡಿ, ಸಿಡಿಯುತ್ತೆ. ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್ ಪ್ರವಾಸ ಮುಗಿಯೋ ತನಕ ಆಫ್. ಜಂಪರ್ ಕೇಬಲ್ ಡೀಸೆಲ್‌ಗಾದ್ರೆ 25 ಚದರ ಮಿಲಿಮೀಟರ್ ತಾಮ್ರದ್ದೇ ಇರ್ಲಿ. ದಪ್ಪ ಪ್ಲಾಸ್ಟಿಕ್ಕಿನೊಳಗೆ ಕೂದಲೆಳೆ ತಂತಿ ಇರೋದು ಕೆಲಸಕ್ಕೆ ಬರಲ್ಲ.

ಸ್ಟಾರ್ಟ್ ಮಾಡೋ ಕ್ರಮ: ಲೈಟು, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲಾ ಆಫ್. ಡೀಸೆಲ್ ಆದ್ರೆ ಇಗ್ನಿಷನ್ ಆನ್, ಸಿಲಿಂಡರ್ ಬಿಸಿ ಮಾಡೋ ಗ್ಲೋ ಪ್ಲಗ್‌ನ ದೀಪ ಆರಲಿ, ಆಫ್, ಮತ್ತೆ ಆನ್, ಮತ್ತೆ ಆರಲಿ. ಕ್ಲಚ್ ಪೂರ್ತಿ ಒತ್ತಿ, ಗೇರ್‌ಬಾಕ್ಸಿನ ಗಟ್ಟಿ ಆಯಿಲ್ ತಿರುಗಿಸೋ ಹೊರೆ ಸ್ಟಾರ್ಟರ್‌ಗೆ ತಪ್ಪುತ್ತೆ. 10 ಸೆಕೆಂಡ್ ಮೀರಿ ತಿರುಗಿಸ್ಬೇಡಿ, ಆಗ್ಲಿಲ್ಲ ಅಂದ್ರೆ ಒಂದು ನಿಮಿಷ ಬಿಡಿ. ಪೆಟ್ರೋಲ್‌ಗೆ ಎರಡು ಸಲ ಕೀ ಆನ್ ಮಾಡಿ ಪಂಪ್ ಪ್ರೆಶರ್ ಕಟ್ಟೋಕೆ ಬಿಡಿ. ಇ20 ಪೆಟ್ರೋಲ್‌ನಲ್ಲಿ ಎಥನಾಲ್ ಆವಿಯಾಗೋಕೆ ಹೆಚ್ಚು ಶಾಖ ಬೇಕು, ಅದಕ್ಕೇ ಮೊದಲ ಏಟಿಗೆ ಹಿಡಿಯದೇ ಇರಬಹುದು. ಗಾಬರಿ ಬೇಡ.

ಎಂಜಿನ್ ಆಯಿಲ್: ಡಬ್ಬದ ಮೇಲೆ ಡಬ್ಲ್ಯು ಮುಂಚೆ ಇರೋ ಸಂಖ್ಯೆ ಕಡಿಮೆ ಇದ್ದಷ್ಟೂ ಚಳಿಯಲ್ಲಿ ತೆಳು. 0ಡಬ್ಲ್ಯು, 5ಡಬ್ಲ್ಯು ಇದ್ರೆ ಯೋಚನೆ ಇಲ್ಲ. 15ಡಬ್ಲ್ಯು-40 ತುಂಬಿರೋ ಹಳೇ ಡೀಸೆಲ್‌ಗಳ ಕಥೆ ಬೇರೆ. 15ಡಬ್ಲ್ಯು ಆಯಿಲ್ ತಣ್ಣಗೆ ತಿರುಗುತ್ತಾ ಅಂತ ಪರೀಕ್ಷೆ ಮಾಡೋದೇ ಮೈನಸ್ 20ರವರೆಗೆ, 10ಡಬ್ಲ್ಯು ಮೈನಸ್ 25, 5ಡಬ್ಲ್ಯು ಮೈನಸ್ 30. ಮ್ಯಾನುಯಲ್ ಒಪ್ಪೋ ಪಟ್ಟಿಯಲ್ಲಿ ತೆಳುವಾದ್ದನ್ನ ಆರಿಸಿ.

ಡೀಸೆಲ್_ದಾವಣಗೆರೆ

ಡೀಸೆಲ್ ವಿಚಾರದಲ್ಲಿ ತಪ್ಪು ಸಲಹೆಗಳೇ ಜಾಸ್ತಿ ಓಡಾಡುತ್ತವೆ. ಸ್ವಲ್ಪ ಬಿಡಿಸಿ ಹೇಳ್ತೀನಿ.

ಡೀಸೆಲ್‌ನೊಳಗೆ ಮೇಣ ಇರುತ್ತೆ. ತಣ್ಣಗಾದ ಹಾಗೆ ಮೊದಲು ಮಬ್ಬಾಗುತ್ತೆ, ಆಮೇಲೆ ಮೇಣದ ಹರಳು ಫಿಲ್ಟರ್ ಕಟ್ಟುತ್ತೆ, ಅದಕ್ಕೂ ಕೆಳಗೆ ಹೋದರೆ ಹರಿಯೋದೇ ನಿಲ್ಲುತ್ತೆ. ಗಾಡಿ ನಿಲ್ಲೋದು ಎರಡನೇ ಹಂತದಲ್ಲಿ, ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ದ್ರವವಾಗಿಯೇ ಇರುವಾಗ. ಅದಕ್ಕೇ ಈ ಲಕ್ಷಣ: ಸ್ಟಾರ್ಟ್ ಆಗುತ್ತೆ, ಎರಡು ಮೂರು ನಿಮಿಷ ಓಡುತ್ತೆ, ಪಿಕಪ್ ಬಿದ್ದು ಆಫ್ ಆಗುತ್ತೆ. ಭಾರತದ ಡೀಸೆಲ್ ಮಾನದಂಡ ಐಎಸ್ 1460 ಪ್ರಕಾರ ಫಿಲ್ಟರ್ ಕಟ್ಟುವ ತಾಪಮಾನದ ಮಿತಿ ಬೇಸಿಗೆ ಡೀಸೆಲ್‌ಗೆ 18 ಡಿಗ್ರಿ, ನವೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಗಾಲದ್ದಕ್ಕೆ 6 ಡಿಗ್ರಿ. ಸೊನ್ನೆಗೂ ಮೇಲೆ! ಮಾಮೂಲಿ ಡೀಸೆಲ್ ಮೈನಸ್ 15ಕ್ಕೆ ಅಂತ ಮಾಡಿದ್ದಲ್ಲ.

ಇದಕ್ಕಾಗಿಯೇ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಮೈನಸ್ 33ರವರೆಗೂ ಹರಿಯುವ ವಿಂಟರ್ ಡೀಸೆಲ್ ಬಿಟ್ಟಿದ್ದು. ಪಾಣಿಪತ್ ರಿಫೈನರಿಯದ್ದು, ಲಡಾಖ್‌ನಲ್ಲಿ ಶುರುವಾಯ್ತು. ನೀವು ಹೋಗುವ ದಾರಿಯಲ್ಲಿ ಕಾಜಾ, ಅಥವಾ ಕೇಲಾಂಗ್ ಹತ್ತಿರದ ತಾಂಡಿ ಬಂಕ್ ಸಿಕ್ಕರೆ ನಳಿಕೆ ಹಿಡಿಯೋ ಮುಂಚೆ ಬಾಯಿಬಿಟ್ಟು ಕೇಳಿ: ಇದು ವಿಂಟರ್ ಡೀಸೆಲ್ಲೋ, ಮಾಮೂಲಿಯೋ. ಇದ್ದರೆ ಫುಲ್ ಮಾಡಿಸಿ, ಹತ್ತು ಹದಿನೈದು ಕಿ.ಮೀ. ಓಡಿಸಿಯೇ ನಿಲ್ಲಿಸಿ. ಇಲ್ಲದಿದ್ದರೆ ಫಿಲ್ಟರ್ ಮತ್ತು ಪೈಪಿನಲ್ಲಿ ಹಳೆಯದೇ ಕೂತಿರುತ್ತೆ.

ವಿಂಟರ್ ಡೀಸೆಲ್ ಸಿಗದಿದ್ದರೆ ಆಂಟಿ-ಜೆಲ್ ಅಡಿಟಿವ್. ಇಲ್ಲಿ ಎಲ್ಲರೂ ಎಡವೋದು ಸಮಯದಲ್ಲಿ. ಈ ರಾಸಾಯನಿಕ ಹರಳು ದೊಡ್ಡದಾಗದಂತೆ ತಡೆಯುತ್ತೆ, ಆಗಲೇ ಕಟ್ಟಿದ ಮೇಣವನ್ನು ಕರಗಿಸೋದಿಲ್ಲ. ಮಂಡಿ ಅಥವಾ ರಾಂಪುರದಲ್ಲಿ, ಮಧ್ಯಾಹ್ನ, ಮೊದಲು ಟ್ಯಾಂಕಿಗೆ ಅಡಿಟಿವ್ ಸುರಿದು ಅದರ ಮೇಲೆ ಡೀಸೆಲ್ ಹಾಕಿಸಿದರೆ ತಾನಾಗಿ ಬೆರೆಯುತ್ತೆ. ಕಾಜಾದಲ್ಲಿ ಬೆಳಿಗ್ಗೆ ಗಾಡಿ ನಿಂತ ಮೇಲೆ ಸುರಿದರೆ ದುಡ್ಡು ದಂಡ. ಪ್ರಮಾಣ ಬಾಟಲಿ ಹೇಳಿದಷ್ಟೇ.

ಹೊರಡೋ ಮುಂಚೆ ಹೊಸ ಡೀಸೆಲ್ ಫಿಲ್ಟರ್, ಜೊತೆಗೆ ಡಿಕ್ಕಿಯಲ್ಲಿ ಇನ್ನೊಂದು. ಫಿಲ್ಟರ್ ತಳದ ನೀರನ್ನು ಚಂಡೀಗಢದಲ್ಲಿ ಒಮ್ಮೆ ತೆಗೆಸಿ. ಮೇಣಕ್ಕಿಂತ ಮೊದಲು ಗಟ್ಟಿಯಾಗೋದು ಅದೇ ನೀರು, ಸೊನ್ನೆ ಡಿಗ್ರಿಗೇ.

ಹೆದ್ದಾರಿ_ಹಾಸನ

ಲಾರಿಯವರು ಶೇ 10–20 ಸೀಮೆಎಣ್ಣೆ ಬೆರೆಸ್ತಾರೆ, ಅಲ್ಲಿ ಅದು ಮಾಮೂಲು. ಕಾರಿಗೆ ಯಾಕಾಗಲ್ಲ?

ಡೀಸೆಲ್_ದಾವಣಗೆರೆ

ಹಳೇ ಲಾರಿಯ ಪಂಪಿಗೆ ಆಗುತ್ತೆ, ಬಿಎಸ್6 ಗಾಡಿಯ, ಡೀಸೆಲನ್ನ ಭಾರೀ ಒತ್ತಡದಲ್ಲಿ ಚಿಮ್ಮಿಸುವ ಕಾಮನ್ ರೈಲ್‌ಗೆ ಆಗಲ್ಲ. ಹೈ ಪ್ರೆಶರ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ. ಪಂಪ್ ಸವೆದು ಉದುರಿದ ಲೋಹದ ಪುಡಿ ನಾಲ್ಕೂ ಇಂಜೆಕ್ಟರ್ ತಿನ್ನುತ್ತೆ. ಅದರ ಗಂಧಕ ಡಿಪಿಎಫ್ ಮತ್ತು ಕ್ಯಾಟಲಿಸ್ಟ್ ಹಾಳು ಮಾಡುತ್ತೆ. ಒಂದು ಲೀಟರ್ ಸೀಮೆಎಣ್ಣೆ ಉಳಿಸಿದ ಬೆಳಗು ಲಕ್ಷದ ಬಿಲ್ಲಾಗಿ ಬರಬಹುದು. ಪೆಟ್ರೋಲ್ ಬೆರೆಸೋದು ಇನ್ನೂ ಕೆಟ್ಟದ್ದು.

ಹಾಗೆಯೇ ಟ್ಯಾಂಕಿನ ಕೆಳಗೆ, ಆಯಿಲ್ ಸಂಪ್ ಕೆಳಗೆ ಸ್ಟೌ ಇಡೋದು. ಇವತ್ತಿನ ಟ್ಯಾಂಕ್ ಪ್ಲಾಸ್ಟಿಕ್ಕು, ಪೈಪೂ ಪ್ಲಾಸ್ಟಿಕ್ಕು. ದಯವಿಟ್ಟು ಬೇಡ. ಮೇಣ ಕಟ್ಟಿದರೆ ಗಾಡಿಯನ್ನು ಬಿಸಿಲಿಗೆ ತಳ್ಳಿ, ಫಿಲ್ಟರ್ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ಕನೆಕ್ಟರ್‌ಗೆ ನೀರು ತಾಗಿಸಬೇಡಿ. ಅಷ್ಟಕ್ಕೂ ಆಗದಿದ್ದರೆ ಡಿಕ್ಕಿಯ ಹೊಸ ಫಿಲ್ಟರ್. ಮಧ್ಯಾಹ್ನದ ತನಕ ಕಾಯೋ ತಾಳ್ಮೆಯೇ ಹೆಚ್ಚಿನ ಸಲ ಕೆಲಸ ಮಾಡುತ್ತೆ.

ಮೈಸೂರು_ಮೈಲಿಗಲ್ಲು

ಡಿಇಎಫ್ (ಹೊಗೆ ಶುಚಿ ಮಾಡುವ ದ್ರವ) ಟ್ಯಾಂಕ್ ಇರುವ ಡೀಸೆಲ್ ಗಾಡಿಗಳಿಗೆ ಒಂದು ಮಾತು. ಅದು ಶೇ 32.5 ಯೂರಿಯಾ, ಉಳಿದದ್ದು ನೀರು. ಮೈನಸ್ 11ಕ್ಕೆ ಹೆಪ್ಪುಗಟ್ಟುವುದು ಸಹಜ. ಟ್ಯಾಂಕಿನೊಳಗೇ ಹೀಟರ್ ಇರುತ್ತದೆ, ಗಾಡಿ ಓಡುತ್ತಿದ್ದಂತೆ ಕರಗುತ್ತದೆ. ಆಂಟಿಫ್ರೀಜ್, ಬಿಸಿನೀರು, ಏನನ್ನೂ ಸೇರಿಸಬೇಡಿ. ಕುತ್ತಿಗೆವರೆಗೆ ತುಂಬಿಸದೆ ಹಿಗ್ಗಲು ಜಾಗ ಬಿಡಿ.

ಕಿನ್ನೌರ್_ದಾರಿ

ಟೈರ್. ನಮ್ಮ ಹೈವೇ ಟೈರಿನ ರಬ್ಬರ್ 7 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಪಕ್ಕದಲ್ಲಿ ಎಂ+ಎಸ್ (ಕೆಸರು, ಹಿಮ) ಎಂದು ಬರೆದಿದ್ದರೆ ಅದು ಹಿಮದ ಟೈರ್ ಅಲ್ಲ. ಮೂರು ಶಿಖರದ ನಡುವೆ ಹಿಮಕಣದ ಚಿತ್ರ ಇರುವುದಷ್ಟೇ ಹಿಮದಲ್ಲಿ ಪರೀಕ್ಷೆ ಮಾಡಿದ್ದು, ನಮ್ಮ ಅಳತೆಗಳಲ್ಲಿ ಅದು ಸಿಗುವುದು ಅಪರೂಪ. ಹಾಗಾಗಿ ಇರುವ ಟೈರಿನ ಪಟ್ಟಿಯ ಆಳ ಕನಿಷ್ಠ 4 ಮಿ.ಮೀ. ಉಳಿದಿರಲಿ. ಕಾನೂನಿನ 1.6 ಮಿ.ಮೀ. ಹಿಮಕ್ಕೆ ಏನೇನೂ ಸಾಲದು.

ಗಾಳಿಯ ಒತ್ತಡದ ಲೆಕ್ಕ ಎಲ್ಲರೂ ಅರ್ಧ ಮಾತ್ರ ಹೇಳುತ್ತಾರೆ. ಬೆಂಗಳೂರಿನಲ್ಲಿ 28 ಡಿಗ್ರಿಗೆ 33 ಪಿಎಸ್‌ಐ ತುಂಬಿದ ಟೈರ್ ಅದೇ ಎತ್ತರದಲ್ಲಿ ಮೈನಸ್ 12ಕ್ಕೆ ಇಳಿದರೆ 27ರ ಹತ್ತಿರ ತೋರಿಸಬೇಕು. ಆದರೆ ಸಿಸ್ಸು 3,000 ಮೀಟರ್ ಮೇಲಿದೆ, ಹೊರಗಿನ ಗಾಳಿಯ ಒತ್ತಡವೇ ಸುಮಾರು 3 ಪಿಎಸ್‌ಐ ಕಡಿಮೆ. ಗೇಜ್ ತೋರಿಸುವುದು ಒಳಹೊರಗಿನ ವ್ಯತ್ಯಾಸವನ್ನು. ಹಾಗಾಗಿ ಅಲ್ಲಿ 30ರ ಹತ್ತಿರ ಕಾಣುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಅಳೆದು ಕಂಪನಿ ಹೇಳಿದಷ್ಟು ತುಂಬಿಸಿ. ಹಿಮದಲ್ಲಿ ಹಿಡಿತಕ್ಕೆಂದು 20ಕ್ಕೆ ಇಳಿಸುವ ಸಲಹೆ ಕಾರಿಗೆ ಬೇಡ. ಇಳಿಸಿದ ಟೈರಿನ ಮೇಲೆ ಚೈನ್ ಸಡಿಲವಾಗುತ್ತದೆ. ಮೇಲೆ ತುಂಬಿಸಿದ್ದನ್ನು ಕೆಳಗೆ ಬಯಲಿಗೆ ಬಂದ ಮೇಲೆ ಮತ್ತೆ ಅಳೆಯಿರಿ.

ಚೈನ್ ಎಂಜಿನ್ ತಿರುಗಿಸುವ ಚಕ್ರಕ್ಕೆ. ನಿಮ್ಮ ಎರಡೂ ಗಾಡಿಗೆ ಮುಂದೆ. ಬೊಲೆರೊ, ಇನ್ನೋವಾ ಕ್ರಿಸ್ಟಾ ತರಹದ ಹಿಂಚಕ್ರದ ಗಾಡಿಗೆ ಹಿಂದೆ. ಫೋರ್ ಬೈ ಫೋರ್‌ಗೆ ಮ್ಯಾನುಯಲ್ ನೋಡಿ, ನಾಲ್ಕಕ್ಕೂ ಹಾಕಿದರೆ ಉತ್ತಮ. ಟೈರ್ ಪಕ್ಕದ ಸಂಖ್ಯೆಯನ್ನೇ ತೋರಿಸಿ ಚೈನ್ ತೆಗೆದುಕೊಳ್ಳಿ. ಮನಾಲಿ ಮೇಲೆ ಪಲ್ಚಾನ್ ದಾರಿಯಲ್ಲಿ ಬಾಡಿಗೆಗೂ ಸಿಗುತ್ತದೆ, ಅಳತೆ ಮಾತ್ರ ಹೇಗೋ ಹೊಂದಿಸಿದ್ದು. ಹ್ಯಾಚ್‌ಬ್ಯಾಕ್‌ನಲ್ಲಿ ಟೈರಿಗೂ ಅದರ ಒಳಬದಿಯ ಸಸ್ಪೆನ್ಷನ್ ಕಂಬಕ್ಕೂ (ಸ್ಟ್ರಟ್) ನಡುವೆ ಬೆರಳು ತೂರಿಸಿ ನೋಡಿ. ಜಾಗ ಕಿರಿದಾಗಿದ್ದರೆ 12 ಮಿ.ಮೀ. ಕೊಂಡಿ ಬ್ರೇಕ್ ಹೋಸ್ ಉಜ್ಜುತ್ತದೆ, 9 ಮಿ.ಮೀ. ಅಥವಾ ತೆಳುವಾದದ್ದು ಬೇಕು.

ಹುಬ್ಬಳ್ಳಿಯಲ್ಲೇ ಒಣ ನೆಲದ ಮೇಲೆ ಎರಡು ಸಲ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಮೈನಸ್ 10ರಲ್ಲಿ, ಕತ್ತಲಲ್ಲಿ, ಕೈಗವಸು ಹಾಕಿಕೊಂಡು ಮೊದಲ ಸಲ ಕಲಿಯುವ ಕೆಲಸ ಅದಲ್ಲ. ನಿಂತ ಜಾಗ ಸಮತಟ್ಟಾಗಿರಲಿ, ಹಿಂಚಕ್ರಕ್ಕೆ ಕಲ್ಲು ಕೊಡಿ. ಕಟ್ಟಿ 100 ಮೀಟರ್ ಓಡಿಸಿ, ನಿಲ್ಲಿಸಿ ಮತ್ತೆ ಬಿಗಿಮಾಡಿ. ವೇಗ 40 ಮೀರಬಾರದು. ಡಾಂಬರು ಕಂಡ ತಕ್ಷಣ ಬಿಚ್ಚಿ. ಬರೀ ರಸ್ತೆಯಲ್ಲಿ ಚೈನ್ ತುಂಡಾಗಿ ಚಾಟಿಯಂತೆ ಬಡಿದು ಫೆಂಡರ್, ಬ್ರೇಕ್ ಪೈಪ್ ಹರಿಯುತ್ತದೆ. ಇದೇ ಕಾರಣಕ್ಕೆ 9.02 ಕಿ.ಮೀ. ಉದ್ದದ ಅಟಲ್ ಸುರಂಗದೊಳಗೆ ಚೈನ್ ಹಾಕಿಕೊಂಡು ಹೋಗುವ ಯೋಚನೆಯೇ ಬೇಡ. ಮುಂದೆ ಮಾತ್ರ ಚೈನ್ ಇದ್ದಾಗ ಇಳಿಜಾರಿನಲ್ಲಿ ಹಿಂಭಾಗ ಜಾರಿ ತಿರುಗಬಹುದು, ಒಂದನೇ ಗೇರ್‌ನಲ್ಲೇ ಇಳಿಸಿ.

ಬಿದ್ದ ಹಿಮಕ್ಕಿಂತ ನೆಲಕ್ಕೆ ಅಂಟಿದ ಗಾಜಿನಂಥ ಮಂಜುಗಡ್ಡೆ ದೊಡ್ಡ ಶತ್ರು. ಅದು ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ. ಟೈರ್ ಸದ್ದು ಥಟ್ಟನೆ ನಿಂತು ಸ್ಟಿಯರಿಂಗ್ ಹಗುರವಾದರೆ ಅದರ ಮೇಲಿದ್ದೀರಿ. ಆಗ ಬ್ರೇಕೂ ಬೇಡ, ಆಕ್ಸಿಲರೇಟರೂ ಬೇಡ, ಸ್ಟಿಯರಿಂಗ್ ನೇರ ಹಿಡಿದು ಗಾಡಿ ತಾನೇ ನಿಧಾನಿಸಲು ಬಿಡಿ. ಸೋಲಂಗ್‌ನಿಂದ ಸುರಂಗದ ದಕ್ಷಿಣ ಬಾಯಿಯವರೆಗಿನ ನೆರಳಿನ ತಿರುವುಗಳು, ನಾಕೊ ಕಡೆಯ ಏರು, ರಸ್ತೆಗೆ ಅಡ್ಡ ಹರಿಯುವ ಝರಿಗಳು, ಇವೇ ಜಾಗ. ಬೆಳಿಗ್ಗೆ 10ರ ಮೇಲೆ ಹೊರಟು ಮಧ್ಯಾಹ್ನ 3ರೊಳಗೆ ತಂಗುವುದು ಒಳ್ಳೆಯದು. ಹೊರಡುವಾಗ ಎರಡನೇ ಗೇರ್, ಕ್ಲಚ್ ಮೆಲ್ಲಗೆ. ಏರಿನಲ್ಲಿ ಗಾಡಿ ಉಸಿರುಗಟ್ಟಿದಂತೆ ನಿಂತರೆ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿದರೆ ಎಂಜಿನ್ ಶಕ್ತಿ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ ನೋಡಿ, ದಾಟಿದ ಕೂಡಲೇ ಆನ್ ಮಾಡಿ. ಕ್ರೂಸ್ ಕಂಟ್ರೋಲ್ ಮರೆತುಬಿಡಿ.

ಇಂಧನ: ರೆಕಾಂಗ್ ಪಿಯೊ ಕೆಳಗಿನ ಪೊವಾರಿಯಲ್ಲಿ ತುಂಬಿಸಿದರೆ ಮುಂದೆ ಸುಮಾರು 200 ಕಿ.ಮೀ. ದೂರದ ಕಾಜಾವೇ ಗಟ್ಟಿ. ಕುಂಜುಮ್ ಪಾಸ್ ಮುಚ್ಚಿರುತ್ತದೆ, ಕಾಜಾದಿಂದ ಮನಾಲಿಗೆ ನೇರ ಇಳಿಯುವ ಲೆಕ್ಕ ಹಾಕಬೇಡಿ, ಬಂದ ದಾರಿಯೇ ವಾಪಸ್ ದಾರಿ. ಹಿಮ ಬಿದ್ದ ದಿನ ಪೊಲೀಸರು ಪಲ್ಚಾನ್ ಅಥವಾ ಸೋಲಂಗ್‌ನಲ್ಲಿ ತಡೆದು ಫೋರ್ ಬೈ ಫೋರ್ ಮಾತ್ರ ಬಿಡುವುದುಂಟು. ಅವರೊಂದಿಗೆ ವಾದ ಬೇಡ, ಇಳಿದುಬಿಡಿ.

ಶಿರಸಿ_ಸ್ಟಿಯರಿಂಗ್

ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕೆಸರು ಹಿಮದಲ್ಲಿ ಓಡಿದ ಮೇಲೆ ಕೇಬಲ್ ಕವಚದೊಳಗೆ, ಶೂಗೂ ಡ್ರಮ್ಮಿಗೂ ನಡುವೆ ನೀರಿರ್ತದೆ, ಬೆಳಗಾಗುವುದರೊಳಗೆ ಬೆಸುಗೆ ಹಾಕಿದ ಹಾಗೆ ಹಿಡಿದಿರ್ತದೆ. ಸಮತಟ್ಟು ಜಾಗ ನೋಡಿ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಆಟೋಮ್ಯಾಟಿಕ್ ಆದ್ರೆ ಪಾರ್ಕ್ ಮತ್ತು ಕಲ್ಲು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ತಾನಾಗಿ ಹಿಡಿಯುವ ಆಯ್ಕೆಯಿದ್ರೆ ಮೆನುವಿನಲ್ಲಿ ಆಫ್ ಮಾಡಿ. ನಿಲ್ಲಿಸುವ ಮುಂಚೆ ಕೊನೆಯ ಅರ್ಧ ಕಿ.ಮೀ. ಮೆಲ್ಲಗೆ ಬ್ರೇಕ್ ಒತ್ತಿಕೊಂಡು ಬಂದ್ರೆ ಡಿಸ್ಕ್ ಒಣಗ್ತದೆ.

ವೈಪರ್ ಎತ್ತಿ ನಿಲ್ಲಿಸಿ. ಮುಂದಿನ ಗಾಜಿನ ಮೇಲೆ ರಟ್ಟು ಅಥವಾ ದಪ್ಪ ಕಂಬಳಿ ಹಾಕಿ ಬಾಗಿಲಿಗೆ ಸಿಕ್ಕಿಸಿ. ಬೆಳಿಗ್ಗೆ ಬಿಸಿನೀರು ಸುರಿದ್ರೆ ಗಾಜು ಸೀಳ್ತದೆ, ಮೊದಲೇ ಕಲ್ಲು ತಾಗಿದ ಚುಕ್ಕೆ ಇದ್ರಂತೂ ಖಂಡಿತ. ಪ್ಲಾಸ್ಟಿಕ್ ಸ್ಕ್ರೇಪರ್ ಇಟ್ಕೊಳ್ಳಿ. ಅಂಟಿದ ವೈಪರನ್ನು ಸ್ವಿಚ್ ಹಾಕಿ ಬಿಡಿಸ್ಲಿಕ್ಕೆ ಹೋದ್ರೆ ಮೋಟಾರಿನ ಫ್ಯೂಸ್ ಹೋಗ್ತದೆ.

ವಾಷರ್ ಬಾಟಲಿಯ ನೀರು ಪೂರ್ತಿ ಖಾಲಿ ಮಾಡಿ, ಪಂಪ್ ಒತ್ತಿ ಪೈಪಿನಲ್ಲಿದ್ದದ್ದೂ ಹೋಗ್ಲಿ. ಮೈನಸ್ 20ರ ವಾಷರ್ ದ್ರವ ಸಿಗದಿದ್ರೆ ಐಸೊಪ್ರೊಪೈಲ್ ಆಲ್ಕೊಹಾಲ್ 3 ಭಾಗ, ಡಿಸ್ಟಿಲ್ಡ್ ನೀರು 7 ಭಾಗ, ಇದು ಮೈನಸ್ 15ರ ಹತ್ತಿರದವರೆಗೆ ತಡೀತದೆ. ಬೆಂಕಿ ಹತ್ತುವ ವಸ್ತು, ಗಾಳಿಯಾಡುವ ಕಡೆ ಬೆರೆಸಿ. ರೇಡಿಯೇಟರ್ ಕೂಲೆಂಟ್ ಇದಕ್ಕೆ ಹಾಕಬೇಡಿ, ಗಾಜಿನ ಮೇಲೆ ಜಿಡ್ಡು ಹರಡಿ ಎದುರಿನ ದೀಪಕ್ಕೆ ಕಣ್ಣೇ ಕಾಣುವುದಿಲ್ಲ. ಬಾಗಿಲ ರಬ್ಬರಿಗೆ ಸಿಲಿಕಾನ್ ಸ್ಪ್ರೇ. ಒಳಗಿನ ಮಂಜಿಗೆ ಹೊರಗಿನ ಗಾಳಿ ಮೋಡ್, ಬಿಸಿ, ಎಸಿ ಆನ್. ಮೈನಸ್‌ನಲ್ಲಿ ಎಸಿ ಕಂಪ್ರೆಸರ್ ತಾನೇ ಆಫ್ ಇರ್ತದೆ, ಆಗ ಕಿಟಕಿ ಒಂದು ಬೆರಳು ಇಳಿಸಿ.

ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ರೆ ಬದಲಿಸಿ. ಅದೂ ನೀರು ಹೀರ್ತದೆ. ಉದ್ದ ಇಳಿಜಾರಿನಲ್ಲಿ ಆ ನೀರು ಕುದಿದು ಪೆಡಲ್ ಮೆತ್ತಗಾಗ್ತದೆ, ಹೊರಗೆ ಎಷ್ಟೇ ಚಳಿ ಇರಲಿ.

ಮಾಂಟ್ರಿಯಲ್_ಮಲೆನಾಡು

ಕೆನಡಾದ ಪದ್ಧತಿಯಲ್ಲಿ ಯಾವುದು ನಿಮಗೆ ಹೊಂದುತ್ತದೆ, ಯಾವುದು ಇಲ್ಲ ಎಂದು ಹೇಳುತ್ತೇನೆ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರ್ ಕಡ್ಡಾಯ. ನಾಲ್ಕೂ ಅನ್ನುವುದು ಮುಖ್ಯ. ಎರಡು ಮಾತ್ರ ಹಾಕಿದರೆ ಒಂದು ತುದಿ ಹಿಡಿದು ಇನ್ನೊಂದು ಜಾರುತ್ತದೆ. ಇಲ್ಲಿನ ಬ್ಲಾಕ್ ಹೀಟರ್ ಗೋಡೆಯ ಪ್ಲಗ್‌ನಿಂದ ಕೂಲೆಂಟ್ ಬಿಸಿ ಮಾಡುತ್ತದೆ, ಹೊರಡುವ ಎರಡು ಮೂರು ಗಂಟೆ ಮುಂಚೆ ಟೈಮರ್ ಇಟ್ಟರೆ ಸಾಕು. ಕಾಜಾದ ಹೋಂಸ್ಟೇಯಲ್ಲಿ ರಾತ್ರಿಯಿಡೀ ಕರೆಂಟ್ ನಂಬುವಂತಿಲ್ಲ, ಹಾಗಾಗಿ ಅದನ್ನು ಹಾಕಿಸುವ ಖರ್ಚು ನಿಮಗೆ ದಂಡ. ಬದಲಿಗೆ ಬ್ಯಾಟರಿ ಬಿಚ್ಚಿ ರಾತ್ರಿ ಬೆಚ್ಚಗಿನ ಕೋಣೆಯಲ್ಲಿ ಇಡುವುದು ಕೆಲಸ ಮಾಡುತ್ತದೆ. ಬಿಚ್ಚುವಾಗ ಮೈನಸ್ ಟರ್ಮಿನಲ್ ಮೊದಲು, ಹಾಕುವಾಗ ಅದೇ ಕೊನೆಗೆ. ರೇಡಿಯೋ ಕೋಡ್ ಕೇಳುವ ಗಾಡಿಯಾದರೆ ಕೋಡ್ ಬರೆದಿಟ್ಟುಕೊಳ್ಳಿ.

ಬೆಳಿಗ್ಗೆ ಅರ್ಧ ಗಂಟೆ ನಿಂತಲ್ಲೇ ಎಂಜಿನ್ ಓಡಿಸುವ ಅಭ್ಯಾಸ ಬೇಡ. ಎರಡು ಮೂರು ನಿಮಿಷ ಬಿಟ್ಟು, ಮೊದಲ ಕೆಲವು ಕಿ.ಮೀ. 2,000 ಆರ್‌ಪಿಎಂ ಒಳಗೆ ಓಡಿಸಿದರೆ ಬೇಗ ಬಿಸಿಯಾಗುತ್ತದೆ. ನಿಂತಲ್ಲೇ ಓಡುವ ಡೀಸೆಲ್ ಬಿಸಿಯಾಗುವುದೇ ಇಲ್ಲ, ಡಿಪಿಎಫ್‌ನಲ್ಲಿ ಮಸಿ ಮಾತ್ರ ತುಂಬುತ್ತದೆ.

ಟಾರ್ಕ್_ತುಮಕೂರು

ಬ್ಯಾಟರಿ ಒಳಗೆ ತರೋ ಸಲಹೆ ಚೆನ್ನಾಗಿದೆ, ಆದ್ರೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗೋ (ಸ್ಟಾರ್ಟ್-ಸ್ಟಾಪ್) ಗಾಡಿಗಳಲ್ಲಿ ಮೈನಸ್ ಟರ್ಮಿನಲ್ ಮೇಲಿನ ಸೆನ್ಸರ್ ಜೋಪಾನ. ಅದನ್ನ ಸ್ಕ್ರೂಡ್ರೈವರ್‌ನಿಂದ ಎಬ್ಬಿಸ್ಬೇಡಿ, ನಟ್ ಸಡಿಲಿಸಿ ಕೈಯಲ್ಲೇ ತೆಗೀರಿ.

ವಿದ್ಯುತ್_ವಿಜಯಪುರ

ಎಲೆಕ್ಟ್ರಿಕ್ ಗಾಡಿ ಒಯ್ಯೋರಿಗೆ: ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸೊನ್ನೆ ಕೆಳಗ ಚಾರ್ಜ್ ಆಗಬಾರದು, ಒಳಗ ಲಿಥಿಯಂ ಲೋಹ ಕಟ್ಟತದ. ಗಾಡಿನೇ ತಡೀತದ, ಚಾರ್ಜಿಂಗ್ ನಿಧಾನ ಆಗತದ. ಸಂಜೀಕ ತಲುಪಿದ ಕೂಡಲೇ, ಬ್ಯಾಟರಿ ಇನ್ನೂ ಬೆಚ್ಚಗಿದ್ದಾಗ ಚಾರ್ಜಿಗೆ ಹಾಕ್ರಿ, ಬೆಳಿಗ್ಗೆ ಅಲ್ಲ. ಜನವರಿಯ ಕಾಜಾಕ್ಕ ಮಾತ್ರ ಬ್ಯಾಡ.

ಕಿನ್ನೌರ್_ದಾರಿ

ಸಿಕ್ಕಿಬಿದ್ದರೆ ಏನು ಎಂಬುದನ್ನು ಯಾರೂ ಎತ್ತಿಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್–ಅಟಲ್ ಸುರಂಗ ದಾರಿಯಲ್ಲಿ ಸಾವಿರದಷ್ಟು ವಾಹನ ಹಿಮದಲ್ಲಿ ಸಿಲುಕಿದ್ದವು. ನಿಂತಲ್ಲಿ ಓಡುವ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಒಂದು ಇಡೀ ರಾತ್ರಿಗೆ 10 ಲೀಟರ್ ಎಂದು ಹಿಡಿಯಿರಿ. ಹಾಗಾಗಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ.

ಅದಕ್ಕಿಂತ ಮುಖ್ಯ ಹೊಗೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರಿಯಲ್ಲಿ ಹಿಮದಲ್ಲಿ ಸಿಲುಕಿದ ಕಾರುಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಇಂಗಾಲದ ಮೊನಾಕ್ಸೈಡ್ ಅದಕ್ಕೆ ಒಂದು ಕಾರಣ. ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚಿದರೆ ಹೊಗೆ ಗಾಡಿಯ ಕೆಳಗಿಂದ ಒಳಗೆ ಬರುತ್ತದೆ. ಅದರಲ್ಲಿನ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮೊದಲು ತಲೆನೋವು, ಆಮೇಲೆ ನಿದ್ದೆ. ಎಂಜಿನ್ ಹಾಕುವ ಮೊದಲು ಪ್ರತಿ ಸಲ ಇಳಿದು ಸೈಲೆನ್ಸರ್ ಸುತ್ತ ಹಿಮ ತೆಗೆಯಿರಿ, ಗಂಟೆಗೆ 10 ನಿಮಿಷ ಮಾತ್ರ ಓಡಿಸಿ, ಗಾಳಿ ಬೀಸದ ಕಡೆಯ ಕಿಟಕಿ ಎರಡು ಬೆರಳು ಇಳಿದಿರಲಿ. ಒಬ್ಬರು ಎಚ್ಚರವಿರಬೇಕು. ಇದ್ದಿಲ ಒಲೆ ಗಾಡಿಯೊಳಗೆ ಎಂದೂ ಬೇಡ. ಹೋಂಸ್ಟೇ ಕೋಣೆಯಲ್ಲೂ ಬಾಗಿಲು ಮುಚ್ಚಿ ಇಟ್ಟುಕೊಳ್ಳಬೇಡಿ.

ಡಿಕ್ಕಿಯಲ್ಲಿ ಮಡಚುವ ಸಲಿಕೆ, 5 ಕೆ.ಜಿ. ಒಣ ಮರಳು, ಎರಡು ಗೋಣಿಚೀಲ, ಟೋ ಹಗ್ಗ, ತಲೆಗೆ ಕಟ್ಟುವ ಟಾರ್ಚ್, ತಲೆಗೊಂದು ಕಂಬಳಿ, ರಬ್ಬರ್ ಕೈಗವಸು. ಟೋ ಕೊಂಡಿ ತಿರುಪುವ ಬಂಪರಿನ ಮುಚ್ಚಳ ಎಲ್ಲಿದೆ ಎಂದು ಈಗಲೇ ನೋಡಿ, ಹಿಮದಲ್ಲಿ ಹುಡುಕಬೇಡಿ. ಕುಡಿಯುವ ನೀರು ಡಿಕ್ಕಿಯಲ್ಲಿ ಗಡ್ಡೆಯಾಗುತ್ತದೆ, ಥರ್ಮಾಸ್‌ನಲ್ಲಿ ಸೀಟಿನ ಹತ್ತಿರ ಇಡಿ.

ಹುಬ್ಳಿ_ಹೈವೇ

ಎಲ್ಲಾ ಬರಕೊಂಡೆ. ಕೂಲೆಂಟ್ ಮತ್ತ ಬ್ರೇಕ್ ಆಯಿಲ್ ಈ ವಾರ, ಬ್ಯಾಟರಿ ಎರಡೂ ಗಾಡಿಗೆ ಹೊಸಾವು. ಒಂದು ಉಳೀತು: ಹ್ಯಾಚ್‌ಬ್ಯಾಕ್‌ನ ಟೈರಿಗೂ ಸ್ಟ್ರಟ್‌ಗೂ ನಡಕ ಕಿರುಬೆರಳೂ ಹಿಡಿಯಂಗಿಲ್ಲ. ಬಟ್ಟೀ ಚೈನ್ ನಡೀತದೇನು?

ಕಿನ್ನೌರ್_ದಾರಿ

ಬಟ್ಟೆಯ ಕವಚ ಹೊಸ ಹಿಮದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಗಟ್ಟಿ ಮಂಜುಗಡ್ಡೆಯಲ್ಲಿ ಚೈನಿನಷ್ಟು ಇಲ್ಲ. ಬರೀ ಡಾಂಬರಿನ ಮೇಲೆ ಕೆಲವೇ ಕಿ.ಮೀ.ಗೆ ಹರಿದುಹೋಗುತ್ತದೆ. ಕಿರುಬೆರಳೂ ಹೋಗದಿದ್ದರೆ ಲೋಹದ ಚೈನ್ ಯಾವುದನ್ನೂ ಹಾಕಬೇಡಿ. ಬಟ್ಟೆ ಕವಚ ಎರಡು ಜೊತೆ ಒಯ್ಯಿರಿ. ಹಿಮ ಬಿದ್ದ ದಿನ ಹ್ಯಾಚ್‌ಬ್ಯಾಕನ್ನು ಮನಾಲಿಯಲ್ಲೇ ಬಿಟ್ಟು, ಎಲ್ಲರೂ ಸ್ಥಳೀಯ ಫೋರ್ ಬೈ ಫೋರ್ ಟ್ಯಾಕ್ಸಿಯಲ್ಲಿ ಸಿಸ್ಸುಗೆ ಹೋಗಿ ಬನ್ನಿ. ಕಾಜಾಕ್ಕೆ ಹೊರಡುವ ಮುಂಚೆ ಪಿಯೊದಲ್ಲಿ ಒಂದು ರಾತ್ರಿ ತಂಗಿ ಮುಂದಿನ ಮೂರು ದಿನದ ಹವಾಮಾನ ನೋಡಿ. ಹಿಮದ ಸೂಚನೆ ಇದ್ದರೆ ಚಿಕ್ಕ ಗಾಡಿ ಅಲ್ಲಿಂದ ಮೇಲೆ ಬೇಡ.